ಸುದ್ದಿ ಮುಗಿದ ಮೇಲಿನ ಮೂರನೇ ತಿಂಗಳು

ಒಂದು ಮನೆಗೆ ಬೆಂಕಿ ಬಿತ್ತು ಅಂದುಕೊಳ್ಳಿ. ಮನೆಯವರು ಹೇಗೋ ಬದುಕಿ ಹೊರಗೆ ಬಂದಿದ್ದಾರೆ, ಒಳಗಿದ್ದದ್ದೆಲ್ಲ ಹೋಗಿದೆ. ಮೊದಲ ದಿನ ಅಕ್ಕಪಕ್ಕದವರೆಲ್ಲ ಓಡಿ ಬರುತ್ತಾರೆ. ಹೊದಿಕೆ, ಊಟ, ಬಟ್ಟೆ, ಮಲಗಲು ಜಾಗ ಎಲ್ಲವೂ ಸಿಗುತ್ತದೆ, ಕೆಲವೊಮ್ಮೆ ಬೇಕಾದ್ದಕ್ಕಿಂತ ಜಾಸ್ತಿಯೇ. ಹತ್ತನೇ ದಿನ ಬೇಕಾಗುವುದು ಬೇರೆ. ಗುರುತಿನ ಚೀಟಿ, ಮನೆ ಪತ್ರ, ಮಕ್ಕಳ ಅಂಕಪಟ್ಟಿ ಸುಟ್ಟುಹೋಗಿವೆ. ಯಾವ ಕಚೇರಿಯಲ್ಲಿ ಯಾವ ಅರ್ಜಿ ಕೊಡಬೇಕು ಅಂತ ಗೊತ್ತಿರುವ ಒಬ್ಬರು ಜೊತೆಗೆ ಬರಬೇಕು. ಮೂರನೇ ತಿಂಗಳಲ್ಲಿ ಬಾಡಿಗೆಯ ಚಿಂತೆ. ರಾತ್ರಿ ಹೊಗೆಯ ವಾಸನೆ ಬಂದಂತಾಗಿ ಅಜ್ಜಿ ಎದ್ದು ಕೂರುತ್ತಾರೆ ಅನ್ನುವುದು ಹೊರಗಿನವರಿಗೆ ತಿಳಿಯುವುದು ಆರನೇ ತಿಂಗಳಲ್ಲಿ. ಅಷ್ಟು ಹೊತ್ತಿಗೆ ಓಡಿ ಬಂದವರೆಲ್ಲ ತಮ್ಮ ತಮ್ಮ ಕೆಲಸಕ್ಕೆ ಮರಳಿರುತ್ತಾರೆ. ಅವರದ್ದೇನೂ ತಪ್ಪಿಲ್ಲ. ಅವರಿಗೂ ಬದುಕಿದೆ, ಅಲ್ವಾ?

ನಾವು ಕೊಡುವುದು ನಮ್ಮ ಮನಸ್ಸು ಕರಗಿದಾಗ. ಕಷ್ಟದಲ್ಲಿರುವವರಿಗೆ ಬೇಕಾಗುವುದು ಅವರ ಕಷ್ಟ ಕೇಳಿದಾಗ. ಈ ಎರಡೂ ಒಂದೇ ದಿನ ಕೂಡಿ ಬರುವುದು ಕಡಿಮೆ. ದಾನ ಯಾವಾಗ ಉಪಯೋಗಕ್ಕೆ ಬರುತ್ತದೆ, ಸ್ವಯಂಸೇವಕರು ಎಲ್ಲಿ ನಿಜವಾಗಿ ಆಸರೆಯಾಗುತ್ತಾರೆ ಅಂತ ಹುಡುಕುತ್ತಾ ಹೋದರೆ ನನಗೆ ಮತ್ತೆ ಮತ್ತೆ ಎದುರಾಗಿದ್ದು ಈ ಅಂತರವೇ. ಚೆನ್ನಾಗಿ ನಡೆಯುವ ಸಂಸ್ಥೆಗಳು ಈ ಅಂತರವನ್ನು ತುಂಬುತ್ತವೆ. ಉಳಿದವು ಮೊದಲ ವಾರದಲ್ಲೇ ತಮ್ಮ ಶಕ್ತಿಯನ್ನೆಲ್ಲ ಮುಗಿಸಿಬಿಡುತ್ತವೆ.

ಈ ಮಾತು ಈಗ ಯಾಕೆ ಅಂದರೆ, ಸರ್ಕಾರಗಳು ಕೈ ಹಿಂದೆ ತೆಗೆಯುತ್ತಿವೆ. ಶ್ರೀಮಂತ ದೇಶಗಳು ಬಡ ದೇಶಗಳಿಗೆ ಕೊಡುವ ನೆರವು ಐದು ವರ್ಷ ಏರುತ್ತಲೇ ಇತ್ತು. 2024ರಲ್ಲಿ ಅದು ಇಳಿಯಿತು. ಹೆಚ್ಚಾಗಿ ಶ್ರೀಮಂತ ದೇಶಗಳೇ ಸೇರಿ ಮಾಡಿಕೊಂಡ ಒಇಸಿಡಿ ಸಂಸ್ಥೆಯ ಮೊದಲ ಅಂದಾಜಿನ ಪ್ರಕಾರ ಇಳಿಕೆ ಶೇ 7.1. 2025ರ ಫೆಬ್ರುವರಿಯಲ್ಲಿ ಬ್ರಿಟನ್ ತನ್ನ ನೆರವನ್ನು ರಾಷ್ಟ್ರೀಯ ಆದಾಯದ ಶೇ 0.5ರಿಂದ 2027ರ ಹೊತ್ತಿಗೆ ಶೇ 0.3ಕ್ಕೆ ಇಳಿಸುವುದಾಗಿ ಹೇಳಿತು. ಅಮೆರಿಕದ ಯುಎಸ್‌ಏಡ್ ಬೇರೆ ದೇಶಗಳಿಗೆ ನೆರವು ಕೊಡುತ್ತಾ 1961ರಿಂದ ನಡೆದು ಬಂದಿದ್ದ ಸರ್ಕಾರಿ ಸಂಸ್ಥೆ. 2025ರ ಜುಲೈ 1ರಂದು ಅದರ ನೆರವಿನ ಕೆಲಸ ಕೊನೆಯಾಯಿತು, ಉಳಿದದ್ದು ವಿದೇಶಾಂಗ ಇಲಾಖೆಗೆ ಹೋಯಿತು. ಇಂಥ ಹೊತ್ತಿನಲ್ಲಿ "ಜನರೇ ಕೊಟ್ಟು ತುಂಬುತ್ತಾರೆ ಬಿಡಿ" ಅನ್ನುವ ಮಾತು ಕೇಳಿಬರುತ್ತದೆ. ಜನ ಏನನ್ನು ತುಂಬಬಲ್ಲರು, ಏನನ್ನು ತುಂಬಲಾರರು ಅಂತ ಬಿಡಿಸಿ ನೋಡುವುದು ಒಳ್ಳೆಯದು.

ಒಂದು ಫೋಟೊ, ಆರು ವಾರ

2015ರ ಸೆಪ್ಟೆಂಬರ್. ಸಿರಿಯಾದ ಪುಟ್ಟ ಹುಡುಗನೊಬ್ಬನ ಶವ ಟರ್ಕಿಯ ಕಡಲ ತೀರದಲ್ಲಿ ಬೋರಲಾಗಿ ಬಿದ್ದಿದ್ದ ಫೋಟೊ ಜಗತ್ತಿನ ಎಲ್ಲ ಪತ್ರಿಕೆಗಳಲ್ಲಿ ಬಂತು. ಆ ಯುದ್ಧದಲ್ಲಿ ಅಷ್ಟರೊಳಗೆ ಲಕ್ಷಾಂತರ ಜನ ಸತ್ತಿದ್ದರು. ಆ ಸಂಖ್ಯೆಗಳು ಮಾಡದ ಕೆಲಸವನ್ನು ಈ ಒಂದು ಫೋಟೊ ಮಾಡಿತು. ಮನಶ್ಶಾಸ್ತ್ರಜ್ಞ ಪೌಲ್ ಸ್ಲೋವಿಕ್ ಮತ್ತು ಅವರ ಜೊತೆಗಾರರು ಸ್ವೀಡನ್ನಿನ ರೆಡ್ ಕ್ರಾಸ್‌ನ ಲೆಕ್ಕ ತೆಗೆದು ನೋಡಿದರು. ಸಿರಿಯಾ ನಿರಾಶ್ರಿತರ ನಿಧಿಗೆ ದಿನಕ್ಕೆ ಬರುತ್ತಿದ್ದ ದಾನ ಫೋಟೊ ಬಂದ ವಾರದಲ್ಲಿ ಹಿಂದಿನದಕ್ಕಿಂತ 55 ಪಟ್ಟಾಗಿತ್ತು. ಸುಮಾರು ಆರು ವಾರದಲ್ಲಿ ಅದು ಇಳಿದು ಹಳೆಯ ಮಟ್ಟದ ಹತ್ತಿರಕ್ಕೆ ಬಂತು. ಯುದ್ಧ ಮಾತ್ರ ಇಳಿದಿರಲಿಲ್ಲ.

ಇಷ್ಟನ್ನೇ ಓದಿದರೆ ಬೇಜಾರಾಗುತ್ತದೆ. ಆದರೆ ಅದೇ ಲೆಕ್ಕದಲ್ಲಿ ಇನ್ನೊಂದು ವಿಷಯವಿದೆ, ನನಗೆ ಅದೇ ಮುಖ್ಯ ಅನ್ನಿಸುತ್ತದೆ. ಪ್ರತಿ ತಿಂಗಳೂ ಇಷ್ಟು ಅಂತ ಕೊಡಲು ಒಪ್ಪಿಕೊಂಡವರ ಸಂಖ್ಯೆ ಆ ತಿಂಗಳು ಸುಮಾರು ಹತ್ತು ಪಟ್ಟಾಯಿತು. ತಿಂಗಳುಗಳು ಕಳೆದರೂ ಅವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಹಾಗೇ ಉಳಿದರು. ಫೋಟೊ ನೋಡಿದಾಗ ಎಲ್ಲರ ಮನಸ್ಸೂ ಕರಗಿತ್ತು. ಕೆಲವರು ಆ ಕರಗಿದ ಕ್ಷಣದಲ್ಲೇ ಮುಂದಿನ ತಿಂಗಳುಗಳಿಗೂ ಒಂದು ಏರ್ಪಾಡು ಮಾಡಿಟ್ಟರು, ಅಷ್ಟೇ ವ್ಯತ್ಯಾಸ. ಆಮೇಲೆ ಮನಸ್ಸು ಬೇರೆ ಕಡೆ ಹೋದರೂ ಹಣ ಹೋಗುತ್ತಲೇ ಇತ್ತು.

ಒಬ್ಬರ ಮುಖ ಕಂಡರೆ ಕೊಡುತ್ತೇವೆ, ಲಕ್ಷ ಜನರ ಲೆಕ್ಕ ಕೇಳಿದರೆ ಸುಮ್ಮನಿರುತ್ತೇವೆ. ಇದು ನಮ್ಮ ಕೆಟ್ಟತನವಲ್ಲ, ಮನಸ್ಸು ಇರುವುದೇ ಹಾಗೆ. ಡೆಬೊರಾ ಸ್ಮಾಲ್, ಜಾರ್ಜ್ ಲೊವೆನ್‌ಸ್ಟೈನ್ ಮತ್ತು ಸ್ಲೋವಿಕ್ 2007ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಒಂದು ಗುಂಪಿಗೆ ಮಾಲಿ ದೇಶದ ಏಳು ವರ್ಷದ ಒಬ್ಬ ಹುಡುಗಿಯ ಕತೆ ಹೇಳಿದರು. ಇನ್ನೊಂದು ಗುಂಪಿಗೆ ಆಫ್ರಿಕಾದ ಹಸಿವಿನ ಅಂಕಿಗಳನ್ನು ಕೊಟ್ಟರು. ಹುಡುಗಿಯ ಕತೆ ಕೇಳಿದವರು ಎರಡು ಪಟ್ಟು ಕೊಟ್ಟರು. ಮೂರನೇ ಗುಂಪಿಗೆ ಕತೆ, ಅಂಕಿ ಎರಡನ್ನೂ ಕೊಟ್ಟಾಗ ದಾನ ಹೆಚ್ಚಾಗಬೇಕಿತ್ತು ಅನ್ನಿಸುತ್ತದೆ. ಕಡಿಮೆಯಾಯಿತು. ಅಂಕಿಗಳು ಹುಡುಗಿಯ ಮುಖವನ್ನೂ ಮಸುಕು ಮಾಡಿಬಿಟ್ಟವು.

ಇದರ ಪರಿಣಾಮ ನೇರವಾಗಿದೆ. ಫೋಟೊ ತೆಗೆಯಲಾಗದ ಕಷ್ಟಗಳಿಗೆ ದಾನ ಬರುವುದೇ ಕಷ್ಟ. ಸಾಲ, ಒಂಟಿತನ, ಮಾನಸಿಕ ಕಾಯಿಲೆ, ವರ್ಷಗಟ್ಟಲೆ ಎಳೆಯುವ ಬರ, ಹಾಸಿಗೆ ಹಿಡಿದ ಗಂಡನನ್ನು ನೋಡಿಕೊಳ್ಳುತ್ತಾ ಕೆಲಸ ಬಿಟ್ಟ ಹೆಂಗಸು. ಇವಕ್ಕೆಲ್ಲ ಮೊದಲ ದಿನ ಅನ್ನುವುದೇ ಇಲ್ಲ. ಹಾಗಾಗಿ ಓಡಿ ಬರುವವರೂ ಇಲ್ಲ.

ಬಟ್ಟೆಯ ಗುಡ್ಡ

ಒಂದು ಪ್ರವಾಹ ಪರಿಹಾರ ಕೇಂದ್ರದಲ್ಲಿ ನಾನು ಎರಡು ದಿನ ಬಟ್ಟೆ ವಿಂಗಡಿಸಿದ್ದೇನೆ. ಚೀಲ ಬಿಚ್ಚಿದರೆ ಒಂದೇ ಕಾಲಿನ ಚಪ್ಪಲಿ, ಹರಿದ ಅಂಗಿ, ಯಾರೂ ಒಗೆಯದ ಹಾಸಿಗೆ ಹೊದಿಕೆ. ಕಳಿಸಿದವರ ಮನಸ್ಸು ಕೆಟ್ಟದ್ದಾಗಿರಲಿಲ್ಲ ಅಂತ ಈಗಲೂ ನಂಬುತ್ತೇನೆ. ಆದರೆ ಹನ್ನೆರಡು ಜನ ಎರಡು ದಿನ ಕೂತು ಮಾಡಿದ ಕೆಲಸದಲ್ಲಿ ಅರ್ಧಕ್ಕಿಂತ ಜಾಸ್ತಿ ಕಸ ಬೇರೆ ಮಾಡುವುದೇ ಆಗಿತ್ತು. ಆ ಹೊತ್ತಿನಲ್ಲಿ ನಾವು ಮನೆ ಮನೆಯ ಕೆಸರು ಎತ್ತಬಹುದಿತ್ತು.

ಇದು ಎಲ್ಲ ಕಡೆಯ ಕತೆ. 1998ರಲ್ಲಿ ಮಿಚ್ ಚಂಡಮಾರುತ ಹೊಂಡುರಾಸ್ ದೇಶವನ್ನು ಹಾಳುಮಾಡಿದಾಗ, ಪರಿಹಾರ ಸಾಮಗ್ರಿ ಹೊತ್ತ ವಿಮಾನವೊಂದಕ್ಕೆ ಇಳಿಯಲು ಜಾಗವಿರಲಿಲ್ಲ. ಯಾರೂ ಕೇಳದೆ ಬಂದ ದಾನದ ಬಟ್ಟೆಗಳ ರಾಶಿ ರನ್‌ವೇ ಮೇಲೆ ಬಿದ್ದಿತ್ತು. ಬಿಸಿಲಿನ ದೇಶಕ್ಕೆ ಚಳಿಗಾಲದ ಕೋಟುಗಳು ಬಂದಿದ್ದವು. 2004ರ ಸುನಾಮಿಯ ನಂತರ ಇಂಡೊನೇಷ್ಯಾದ ಕಡಲ ತೀರದಲ್ಲಿ ಹಳೆ ಬಟ್ಟೆ ಗುಡ್ಡದಂತೆ ಬಿದ್ದು ಕೊಳೆಯಿತು, ಕೊನೆಗೆ ಅದಕ್ಕೆ ಬೆಂಕಿ ಹಚ್ಚಬೇಕಾಯಿತು. 2012ರ ಡಿಸೆಂಬರ್‌ನಲ್ಲಿ ಅಮೆರಿಕದ ನ್ಯೂಟೌನ್ ಊರಿನ ಶಾಲೆಯಲ್ಲಿ ಗುಂಡಿನ ದಾಳಿಗೆ 20 ಮಕ್ಕಳು, ಆರು ಜನ ಸಿಬ್ಬಂದಿ ಸತ್ತರು. 30 ಸಾವಿರಕ್ಕಿಂತ ಕಡಿಮೆ ಜನರಿರುವ ಆ ಊರಿಗೆ 60 ಸಾವಿರಕ್ಕೂ ಹೆಚ್ಚು ಟೆಡ್ಡಿ ಗೊಂಬೆಗಳು ಬಂದವು. ಒಂದೊಂದು ಗೊಂಬೆಯನ್ನೂ ಯಾರೋ ಕಣ್ಣೀರು ಹಾಕುತ್ತಾ ಕಳಿಸಿರಬೇಕು. ಆ ಊರಿನವರು ದುಃಖದ ನಡುವೆ ಗೋದಾಮು ಹುಡುಕಬೇಕಾಯಿತು.

ಔಷಧದ ವಿಷಯದಲ್ಲಿ ಇದು ಬರೀ ಕಿರಿಕಿರಿಯಲ್ಲ, ಅಪಾಯ. 1990ರ ದಶಕದ ಬೋಸ್ನಿಯಾ ಯುದ್ಧದಲ್ಲಿ ದಾನವಾಗಿ ಬಂದ ಔಷಧಗಳಲ್ಲಿ ಸುಮಾರು 17 ಸಾವಿರ ಟನ್ ಉಪಯೋಗಕ್ಕೆ ಬಾರದ್ದು ಅಂತ ಅಂದಾಜು ಮಾಡಿದ್ದರು. ಅವಧಿ ಮುಗಿದವು, ಅರ್ಧ ಬಳಸಿದವು, ಯಾವ ಕಾಯಿಲೆಗೆ ಅಂತಲೇ ಗೊತ್ತಾಗದವು. ಅವನ್ನು ಸುರಕ್ಷಿತವಾಗಿ ನಾಶ ಮಾಡುವುದೂ ಯುದ್ಧದಿಂದ ಬಡವಾದ ದೇಶದ ತಲೆಗೇ ಬಂತು. ವಿಶ್ವ ಆರೋಗ್ಯ ಸಂಸ್ಥೆ 1996ರಲ್ಲಿ ಔಷಧ ದಾನಕ್ಕೆ ನಿಯಮ ಬರೆದದ್ದು ಇಂಥ ಅನುಭವಗಳಿಂದಲೇ. ಪಡೆಯುವವರು ಕೇಳಿದ್ದನ್ನೇ ಕಳಿಸಿ, ಅವರ ದೇಶದ ಪಟ್ಟಿಯಲ್ಲಿರುವುದನ್ನೇ ಕಳಿಸಿ, ತಲುಪುವಾಗ ಕನಿಷ್ಠ ಒಂದು ವರ್ಷದ ಅವಧಿ ಉಳಿದಿರಲಿ. ಓದಿದರೆ ಇದನ್ನೂ ಬರೆದು ಹೇಳಬೇಕಿತ್ತಾ ಅನ್ನಿಸುತ್ತದೆ. ಬೇಕಿತ್ತು.

ವಸ್ತುವಿನ ಬದಲು ಹಣ ಕೊಟ್ಟರೆ? ಇಲ್ಲಿ ತುಂಬ ಜನರಿಗೆ ಒಂದು ಅಳುಕಿದೆ. ದುಡ್ಡು ಕೈಗೆ ಕೊಟ್ಟರೆ ಕುಡಿದು ಹಾಳು ಮಾಡುತ್ತಾರೆ ಅನ್ನುವ ಅಳುಕು. ಸಂಶೋಧಕರು ಈ ಪ್ರಶ್ನೆಯನ್ನು ಗಂಭೀರವಾಗಿಯೇ ಕೇಳಿದ್ದಾರೆ. ಡೇವಿಡ್ ಇವಾನ್ಸ್ ಮತ್ತು ಅನ್ನಾ ಪೊಪೋವಾ ಬೇರೆ ಬೇರೆ ದೇಶಗಳ 19 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ನಗದು ಸಿಕ್ಕ ಕುಟುಂಬಗಳಲ್ಲಿ ಕುಡಿತ, ತಂಬಾಕಿನ ಖರ್ಚು ಹೆಚ್ಚಾದ ಲಕ್ಷಣ ಕಾಣಲಿಲ್ಲ. ಕೀನ್ಯಾದ ಸಿಯಾಯಾ ಪ್ರದೇಶದಲ್ಲಿ ಗಿವ್‌ಡೈರೆಕ್ಟ್‌ಲಿ ಸಂಸ್ಥೆ 10,500ಕ್ಕೂ ಹೆಚ್ಚು ಬಡ ಕುಟುಂಬಗಳಿಗೆ ಷರತ್ತಿಲ್ಲದೆ ಹಣ ಕೊಟ್ಟಿತು. 653 ಹಳ್ಳಿಗಳನ್ನು ಹಿಡಿದು ನಡೆದ ಆ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಕೊಟ್ಟ ಪ್ರತಿ ಪಾಲು ಹಣಕ್ಕೂ ಆ ಪ್ರದೇಶದ ಒಟ್ಟು ವ್ಯವಹಾರ ಸುಮಾರು ಎರಡೂವರೆ ಪಾಲು ಬೆಳೆಯಿತು ಅಂತ ಅದು ತೋರಿಸಿತು. ಹಣ ಸಿಕ್ಕವರು ಪಕ್ಕದ ಅಂಗಡಿಯಲ್ಲಿ ಖರ್ಚು ಮಾಡಿದರು, ಅಂಗಡಿಯವರು ಇನ್ನೊಬ್ಬರಿಗೆ ಕೂಲಿ ಕೊಟ್ಟರು. ಹಣ ಸಿಗದ ಮನೆಗಳಿಗೂ ಅದರ ಪಾಲು ಹರಿಯಿತು. ಬೆಲೆಗಳು ಹೆಚ್ಚುಕಡಿಮೆ ಏರಲೇ ಇಲ್ಲ.

ಹಾಗಂತ ಯಾವಾಗಲೂ ಹಣವೇ ಸರಿ ಅನ್ನಲಾರೆ. ಅಂಗಡಿಯೇ ಕೊಚ್ಚಿಹೋಗಿದ್ದರೆ ನೋಟು ಹಿಡಿದು ಏನು ಮಾಡುವುದು? ಭೂಕಂಪದ ಮರುದಿನ ಬೇಕಾಗುವುದು ನೀರು, ಟಾರ್ಪಾಲು, ಬ್ಯಾಂಡೇಜು. ಪರಿಹಾರ ಸಂಸ್ಥೆಗಳು ಪಾಲಿಸುವ ಸ್ಫಿಯರ್ ಮಾನದಂಡದಲ್ಲಿ ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು ಅಂತಿದೆ. ಅದು ಬಂದೇ ಬರಬೇಕು, ಅದೂ ಆ ದಿನವೇ. ಆದರೆ ಮಾರುಕಟ್ಟೆ ಬಾಗಿಲು ತೆರೆದ ದಿನದಿಂದ ಲೆಕ್ಕ ಬದಲಾಗುತ್ತದೆ. ತನ್ನ ಮಗುವಿಗೆ ಏನು ಬೇಕು ಅನ್ನುವುದು ಸಾವಿರ ಮೈಲಿ ದೂರದ ದಾನಿಗಿಂತ ತಾಯಿಗೆ ಚೆನ್ನಾಗಿ ಗೊತ್ತು.

ಕೇಳಿ ಕೊಡುವ ಕಲೆ

ಅಮೆರಿಕದ ಫೀನಿಕ್ಸ್ ನಗರದಲ್ಲಿ ಜಾನ್ ವ್ಯಾನ್ ಹೆಂಗೆಲ್ ಅನ್ನುವವರು 1967ರಲ್ಲಿ ಮೊದಲ ಫುಡ್ ಬ್ಯಾಂಕ್ ಶುರುಮಾಡಿದರು. ಅಂಗಡಿಗಳಲ್ಲಿ ಮಿಕ್ಕ ಒಳ್ಳೆಯ ಆಹಾರವನ್ನು ಒಂದು ಕಡೆ ಜಮಾ ಮಾಡಿ, ಬೇಕಾದವರು ತೆಗೆದುಕೊಳ್ಳುವಂತೆ ಮಾಡಿದರೆ ಹೇಗೆ ಅನ್ನುವ ಯೋಚನೆ ಅದು. ಅದು ಬೆಳೆದು ದೇಶದ ತುಂಬ ಹರಡಿತು. ಹರಡಿದ ಮೇಲೆ ಹೊಸ ತೊಂದರೆ ಬಂತು. ಯಾವ ಊರಿಗೆ ಏನು ಕಳಿಸಬೇಕು ಅಂತ ಕೇಂದ್ರ ಕಚೇರಿ ತೀರ್ಮಾನಿಸುತ್ತಿತ್ತು. ಸರದಿ ಪ್ರಕಾರ, ಬಂದದ್ದನ್ನು ಬಂದಂತೆ ಕಳಿಸುವುದು. ಹಾಗಾಗಿ ಆಲೂಗಡ್ಡೆಗೇ ಹೆಸರಾದ ಐಡಹೊ ರಾಜ್ಯದ ಫುಡ್ ಬ್ಯಾಂಕಿಗೂ ಆಲೂಗಡ್ಡೆ ಲೋಡು ಹೋಗುವಂಥ ಏರ್ಪಾಡಾಗಿತ್ತು.

2005ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಕ್ಯಾನಿಸ್ ಪ್ರೆಂಡರ್ಗಾಸ್ಟ್ ಮತ್ತು ಸಹೋದ್ಯೋಗಿಗಳು ಫುಡ್ ಬ್ಯಾಂಕಿನವರ ಜೊತೆ ಕೂತು ಬೇರೆ ದಾರಿ ಮಾಡಿದರು. ಪ್ರತಿ ಫುಡ್ ಬ್ಯಾಂಕಿಗೂ ಅದರ ಭಾಗದ ಬಡತನಕ್ಕೆ ತಕ್ಕಂತೆ ಒಂದಷ್ಟು ಪಾಯಿಂಟುಗಳು. ಅದು ನಿಜವಾದ ಹಣವಲ್ಲ, ಇದಕ್ಕೆಂದೇ ಮಾಡಿದ ಲೆಕ್ಕ. ಬಂದ ಆಹಾರಕ್ಕೆ ಅವರೇ ದಿನವೂ ಹರಾಜು ಕೂಗಬಹುದು. ಬೇಕಾದದ್ದಕ್ಕೆ ಜಾಸ್ತಿ ಕೂಗು, ಬೇಡದ್ದನ್ನು ಬಿಡು. ಯಾರಿಗೂ ಬೇಡದ ಲೋಡನ್ನು ಎತ್ತಿಕೊಂಡವರಿಗೆ ಉಲ್ಟಾ ಪಾಯಿಂಟು ಸಿಗುತ್ತಿತ್ತು. ಬಡವರಿಗೆ ಹಂಚುವ ಕಡೆ ಹರಾಜಾ ಅಂತ ಮೊದಲು ವಿರೋಧವೂ ಇತ್ತು. ನನಗೂ ಮೊದಲ ಸಲ ಓದಿದಾಗ ಹಾಗೇ ಅನ್ನಿಸಿತ್ತು. ಆದರೆ ಸಣ್ಣ ಫುಡ್ ಬ್ಯಾಂಕುಗಳಿಗೂ ಮೊದಲ ಬಾರಿಗೆ "ನಮಗೆ ಇದು ಬೇಕು, ಅದು ಬೇಡ" ಅನ್ನುವ ಮಾತು ಸಿಕ್ಕಿತು. ದಾನದ ಲೋಕದಲ್ಲಿ "ಬೇಡ" ಅನ್ನುವ ಹಕ್ಕು ತೀರಾ ಅಪರೂಪ. ಕೊಟ್ಟದ್ದನ್ನು ತೆಗೆದುಕೊಂಡು ಕೈಮುಗಿಯಬೇಕು ಅನ್ನುವುದೇ ರೂಢಿ. ಬೇಡ ಅನ್ನಲಾರದವರು ತಮಗೆ ಬೇಕಾದದ್ದನ್ನೂ ಹೇಳಲಾರರು.

ಸುಮ್ನೆ ಕೂತು ಕೇಳಿದವರು

ಇನ್ನು ಸ್ವಯಂಸೇವಕರು. ವಿಶ್ವಸಂಸ್ಥೆಯ 2022ರ ವರದಿಯೊಂದರ ಪ್ರಕಾರ ಜಗತ್ತಿನಲ್ಲಿ ಪ್ರತಿ ತಿಂಗಳೂ ಸುಮಾರು 86 ಕೋಟಿ ಜನ ಒಂದಲ್ಲ ಒಂದು ರೀತಿ ಬೇರೆಯವರಿಗಾಗಿ ಸಂಬಳವಿಲ್ಲದೆ ದುಡಿಯುತ್ತಾರೆ. ದೊಡ್ಡವರಲ್ಲಿ ನೂರಕ್ಕೆ ಹದಿನೈದು ಜನ. ಅವರಲ್ಲಿ ಹೆಚ್ಚಿನವರು ಯಾವ ಸಂಸ್ಥೆಯ ಟೀ ಶರ್ಟನ್ನೂ ಹಾಕಿಕೊಂಡವರಲ್ಲ. ಪಕ್ಕದ ಮನೆಯವರಿಗೆ ಔಷಧ ತಂದುಕೊಡುವವರು, ಅರ್ಜಿ ತುಂಬಿಕೊಡುವವರು, ಆಸ್ಪತ್ರೆಯಲ್ಲಿ ರಾತ್ರಿ ಕೂರುವವರು.

ಸ್ವಯಂಸೇವಕರು ಏನು ಕೊಡಬಲ್ಲರು ಅನ್ನುವುದಕ್ಕೆ ನನಗೆ ತುಂಬ ಇಷ್ಟವಾದ ಪ್ರಸಂಗ ಲಂಡನ್ನಿನದು. ಚಾಡ್ ವಾರಾ ಅನ್ನುವ ಪಾದ್ರಿ 1953ರ ನವೆಂಬರ್‌ನಲ್ಲಿ ಒಂದು ಫೋನ್ ನಂಬರ್ ಕೊಟ್ಟರು. ಸಾಯುವ ಯೋಚನೆ ಬಂದವರು ಕರೆ ಮಾಡಬಹುದು, ಬಂದು ಮಾತಾಡಬಹುದು. ಜನ ಬರತೊಡಗಿದರು. ಕಾಯುವ ಕೋಣೆ ತುಂಬಿತು. ಅಲ್ಲಿ ಬಂದವರಿಗೆ ಟೀ ಕೊಟ್ಟು ಜೊತೆಗೆ ಕೂರಲು ಕೆಲವು ಸ್ವಯಂಸೇವಕರಿದ್ದರು. ಸ್ವಲ್ಪ ದಿನದಲ್ಲಿ ವಾರಾ ಅವರಿಗೆ ಒಂದು ವಿಷಯ ಗಮನಕ್ಕೆ ಬಂತು. ಹೊರಗೆ ಕೂತು ಮಾತಾಡಿದ ಎಷ್ಟೋ ಜನರಿಗೆ ಒಳಗೆ ಬಂದು ತಮ್ಮನ್ನು ಕಾಣುವ ಅಗತ್ಯವೇ ಉಳಿಯುತ್ತಿರಲಿಲ್ಲ. ಉಪದೇಶ ಮಾಡದೆ, ಮಧ್ಯೆ ಬಾಯಿ ಹಾಕದೆ ಕೇಳಿದ ಒಬ್ಬರು ಅವರಿಗೆ ಸಾಕಾಗಿತ್ತು. 1954ರ ಫೆಬ್ರುವರಿಯಲ್ಲಿ ವಾರಾ ಆ ಕೆಲಸವನ್ನೇ ಸ್ವಯಂಸೇವಕರ ಕೈಗೆ ಒಪ್ಪಿಸಿದರು. ಸಮಾರಿಟನ್ಸ್ ಸಂಸ್ಥೆ ಬೆಳೆದದ್ದು ಹಾಗೆ. ಇವತ್ತಿಗೂ ಅಲ್ಲಿ ಫೋನ್ ಎತ್ತುವವರು ತರಬೇತಿ ಪಡೆದ ಸ್ವಯಂಸೇವಕರೇ.

ತರಬೇತಿ ಅನ್ನುವ ಮಾತನ್ನು ಒತ್ತಿ ಹೇಳಬೇಕು. ಒಳ್ಳೆಯ ಮನಸ್ಸಿನಿಂದ ಬಂದವರೆಲ್ಲ ಒಳ್ಳೆಯದನ್ನೇ ಮಾಡುತ್ತಾರೆ ಅಂತಿಲ್ಲ. ಇದಕ್ಕೆ ನೋವಿನ ಉದಾಹರಣೆ ಅಂದರೆ ಕೆಲವೇ ವಾರಗಳಿಗೆ ಅನಾಥಾಲಯಗಳಿಗೆ ಹೋಗುವ ವಿದೇಶಿ ಪ್ರವಾಸಿ ಸ್ವಯಂಸೇವಕರು. ಮಕ್ಕಳ ಸಂಸ್ಥೆಗಳಲ್ಲಿರುವ ಹೆಚ್ಚಿನ ಮಕ್ಕಳಿಗೆ ತಂದೆ ಅಥವಾ ತಾಯಿ ಬದುಕಿದ್ದಾರೆ. ಮನೆಯಲ್ಲಿ ಸಾಕಲು ಆಗದ ಬಡತನವೇ ಅವರನ್ನು ಅಲ್ಲಿಗೆ ತಂದಿದೆ. ಪ್ರವಾಸಿಗಳು ಹಣ ತರುತ್ತಾರೆ ಅಂತ ಗೊತ್ತಾದ ಕಡೆ, ಮಕ್ಕಳನ್ನು ತಂದು ತುಂಬುವ ದಂಧೆಯೂ ಹುಟ್ಟಿತು. ಆಸ್ಟ್ರೇಲಿಯಾ 2018ರಲ್ಲಿ ಆಧುನಿಕ ಗುಲಾಮಗಿರಿ ವಿರುದ್ಧ ಕಾನೂನು ತಂದಾಗ ಈ ಸಾಗಾಟವನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು. ಮಗುವಿನ ಕಡೆಯಿಂದ ಯೋಚಿಸಿ. ಪ್ರತಿ ತಿಂಗಳೂ ಹೊಸಬರೊಬ್ಬರು ಬರುತ್ತಾರೆ, ಎತ್ತಿ ಮುದ್ದಾಡುತ್ತಾರೆ, ಹೋಗುತ್ತಾರೆ. ಮತ್ತೆ ಬರುವುದಿಲ್ಲ. ಆ ಹಣ ಮಗುವಿನ ಸ್ವಂತ ಮನೆಗೆ ತಲುಪಿದ್ದರೆ ಮಗು ಅಲ್ಲಿಗೆ ಬರಬೇಕಾಗಿಯೇ ಇರಲಿಲ್ಲ.

ಗಾಳಿ ಇಲ್ಲದ ದಿನದ ಕೆಲಸ

1970ರ ನವೆಂಬರ್‌ನಲ್ಲಿ ಭೋಲಾ ಚಂಡಮಾರುತ ಇಂದಿನ ಬಾಂಗ್ಲಾದೇಶದ ಕರಾವಳಿಗೆ ಬಡಿಯಿತು. ಕನಿಷ್ಠ 3 ಲಕ್ಷ ಜನ ಸತ್ತರು. ಎಚ್ಚರಿಕೆ ಇರಲಿಲ್ಲ ಅಂತಲ್ಲ. ಅದು ಹಳ್ಳಿಯ ಕೊನೆಯ ಗುಡಿಸಲಿಗೆ ಮುಟ್ಟಲಿಲ್ಲ, ಮುಟ್ಟಿದ ಕಡೆ ಜನ ನಂಬಲಿಲ್ಲ. 1972ರಲ್ಲಿ ರೆಡ್ ಕ್ರಾಸ್ ಅಲ್ಲಿ ಚಂಡಮಾರುತ ಸಿದ್ಧತಾ ಕಾರ್ಯಕ್ರಮ ಶುರುಮಾಡಿತು. ಮುಂದೆ ಸರ್ಕಾರವೂ ಕೈಜೋಡಿಸಿತು. ಅದರ ಬೆನ್ನೆಲುಬು ಹಳ್ಳಿಯ ಸ್ವಯಂಸೇವಕರು. ಕೈಯಲ್ಲಿ ಮೆಗಾಫೋನ್, ಸೈರನ್, ರೇಡಿಯೊ. ಅಪಾಯ ಹೆಚ್ಚಿದಂತೆ ಕಂಬಕ್ಕೆ ಏರಿಸುವ ಬಾವುಟಗಳ ಸಂಖ್ಯೆ ಹೆಚ್ಚು. ಇವತ್ತು ಅವರು 70 ಸಾವಿರಕ್ಕೂ ಹೆಚ್ಚು ಜನ, ಅದರಲ್ಲಿ ಸುಮಾರು ಅರ್ಧ ಹೆಂಗಸರು.

ಹೆಂಗಸರು ಯಾಕೆ ಮುಖ್ಯ ಅನ್ನುವುದು 1991ರಲ್ಲಿ ಗೊತ್ತಾಯಿತು. ಆ ವರ್ಷದ ಚಂಡಮಾರುತದಲ್ಲಿ ಸುಮಾರು 1 ಲಕ್ಷ 38 ಸಾವಿರ ಜನ ಸತ್ತರು. ಅವರಲ್ಲಿ ಹೆಂಗಸರ ಸಾವು ಗಂಡಸರಿಗಿಂತ ತುಂಬ ಜಾಸ್ತಿ. ಎಷ್ಟೋ ಮನೆಗಳಲ್ಲಿ ಗಂಡಸರಿಲ್ಲದೆ ಹೊರಡಲು ಹೆಂಗಸರು ಹಿಂಜರಿದರು, ಜನ ತುಂಬಿದ ಆಶ್ರಯ ಕಟ್ಟಡದಲ್ಲಿ ಮಾನ ಉಳಿಯುತ್ತದಾ ಅನ್ನುವ ಭಯ. ಬಾಗಿಲಲ್ಲಿ ನಿಂತು ಕರೆಯುವವಳು ಗುರುತಿನ ಹೆಂಗಸೇ ಆದರೆ ಮಾತು ಬೇರೆ. 2007ರ ಸಿಡ್ರ್ ಚಂಡಮಾರುತದಲ್ಲಿ ಸತ್ತವರು ಸುಮಾರು 3,400. 2020ರ ಆಂಫಾನ್ ಬರುವ ಮೊದಲು ಸುಮಾರು 24 ಲಕ್ಷ ಜನರನ್ನು ಸ್ಥಳಾಂತರಿಸಿದರು, ಬಾಂಗ್ಲಾದೇಶದಲ್ಲಿ ಸಾವು ಕೆಲವು ಹತ್ತುಗಳಲ್ಲೇ ಉಳಿಯಿತು. ಇದೆಲ್ಲ ಸ್ವಯಂಸೇವಕರಿಂದಲೇ ಆದದ್ದಲ್ಲ. ಉಪಗ್ರಹದ ಮುನ್ಸೂಚನೆ, ಆಶ್ರಯ ಕಟ್ಟಡಗಳು, ಒಡ್ಡುಗಳು ಎಲ್ಲವೂ ಸೇರಿವೆ. ಆದರೆ ಉಪಗ್ರಹ ಕಂಡದ್ದನ್ನು ಕೊನೆಯ ಗುಡಿಸಲಿನ ಅಜ್ಜಿಗೆ ತಲುಪಿಸಿ, ಆಕೆಯ ಕೈ ಹಿಡಿದು ನಡೆಸಿದ್ದು ಪಕ್ಕದ ಮನೆಯವರು.

ಈ ಕೆಲಸದ ಬಹುಪಾಲು ನಡೆಯುವುದು ಗಾಳಿ ಮಳೆ ಇಲ್ಲದ ದಿನಗಳಲ್ಲಿ. ಅಣಕು ತಾಲೀಮು, ಸೈರನ್ ಪರೀಕ್ಷೆ, ಬ್ಯಾಟರಿ ಬದಲಿಸುವುದು, ಯಾವ ಮನೆಯಲ್ಲಿ ನಡೆಯಲಾಗದವರು ಇದ್ದಾರೆ ಅಂತ ಪಟ್ಟಿ ಮಾಡುವುದು. ಇದರ ಫೋಟೊ ಯಾವ ಪತ್ರಿಕೆಯಲ್ಲೂ ಬರುವುದಿಲ್ಲ. ಇದಕ್ಕೆ ದಾನ ಕೇಳಿದರೆ ಕೊಡುವವರೂ ಕಡಿಮೆ. ದಾನಿಗಳಲ್ಲಿ ಬೇರೂರಿರುವ ಒಂದು ನಂಬಿಕೆ ಇದಕ್ಕೆ ಕಾರಣ. ಕೊಟ್ಟ ಹಣವೆಲ್ಲ ನೇರ ಬಡವರಿಗೇ ಹೋಗಬೇಕು, ಕಚೇರಿ, ಸಂಬಳ, ತರಬೇತಿಗೆ ಹೋದರೆ ಅದು ಪೋಲು ಅನ್ನುವ ನಂಬಿಕೆ. ದುಡ್ಡು ನುಂಗುವ ಸಂಸ್ಥೆಗಳು ಇವೆ, ಅದನ್ನು ಅಲ್ಲಗಳೆಯುವುದಿಲ್ಲ. ಲೆಕ್ಕ ಕೇಳಲೇಬೇಕು. ಆದರೆ ಆಡಳಿತದ ಖರ್ಚು ಕಡಿಮೆ ಇದ್ದಷ್ಟೂ ಸಂಸ್ಥೆ ಒಳ್ಳೆಯದು ಅನ್ನುವ ಅಳತೆ ತಪ್ಪು. ಅಮೆರಿಕದಲ್ಲಿ ದತ್ತಿ ಸಂಸ್ಥೆಗಳ ಲೆಕ್ಕಪತ್ರ ತೂಗಿ ಹೇಳುವ ಮೂರು ಸಂಸ್ಥೆಗಳೇ 2013ರಲ್ಲಿ ದಾನಿಗಳಿಗೆ ಬಹಿರಂಗ ಪತ್ರ ಬರೆದು ಇದನ್ನು ಹೇಳಿದವು. ಸಂಸ್ಥೆಯ ಕೆಲಸದ ಫಲ ನೋಡಿ, ಬರೀ ಈ ಶೇಕಡಾವಾರು ನೋಡಬೇಡಿ ಅಂತ.

ಸಂಬಳವಿಲ್ಲದ ಸ್ವಯಂಸೇವಕರೂ ಖರ್ಚಿಲ್ಲದೆ ಬರುವುದಿಲ್ಲ. ಬ್ರಿಟನ್ ಮತ್ತು ಐರ್ಲೆಂಡ್ ಕಡಲಲ್ಲಿ ಜೀವ ಉಳಿಸುವ ಆರ್‌ಎನ್‌ಎಲ್‌ಐ ಸಂಸ್ಥೆ 1824ರಲ್ಲಿ ಹುಟ್ಟಿತು. ಎರಡು ಶತಮಾನದಲ್ಲಿ 1 ಲಕ್ಷ 40 ಸಾವಿರಕ್ಕೂ ಹೆಚ್ಚು ಜೀವ ಉಳಿಸಿದ ಲೆಕ್ಕ ಅದರದ್ದು. ನಡೆಯುವುದು ಬಹುಪಾಲು ದಾನದಿಂದ, ದೋಣಿ ಹತ್ತುವವರು ಬಹುಪಾಲು ಸ್ವಯಂಸೇವಕರು. ಪೇಜರ್ ಸದ್ದು ಮಾಡಿದರೆ ಊಟ ಬಿಟ್ಟು ಓಡುತ್ತಾರೆ. ಅವರ ಸಮಯ ಉಚಿತ ಇರಬಹುದು. ದೋಣಿ, ಇಂಧನ, ಜಾಕೆಟ್ಟು, ತಿಂಗಳುಗಟ್ಟಲೆಯ ತರಬೇತಿ ಉಚಿತ ಅಲ್ಲ. ದಾನಿಯ ಹಣ ಮತ್ತು ಸ್ವಯಂಸೇವಕನ ಧೈರ್ಯ ಒಂದೇ ದೋಣಿಯಲ್ಲಿ ಕೂತು ಹೊರಟಾಗ ಮಾತ್ರ ಅಲೆಯ ಮಧ್ಯೆ ಇರುವವನಿಗೆ ಕೈ ಸಿಗುತ್ತದೆ.

ಹಾಗಾದರೆ ಸರ್ಕಾರ ಬಿಟ್ಟದ್ದನ್ನೆಲ್ಲ ಜನ ತುಂಬಬಹುದಾ? ಆಗದು. ಪ್ರತಿ ದಿನ ಲಕ್ಷಾಂತರ ಜನರಿಗೆ ಎಚ್‌ಐವಿ ಔಷಧ ತಲುಪಿಸುವುದು, ದೇಶಕ್ಕೆಲ್ಲ ಲಸಿಕೆ ಹಾಕಿಸುವುದು, ನಿರುದ್ಯೋಗಿಗೆ ತಿಂಗಳು ತಿಂಗಳು ಆಸರೆ ಕೊಡುವುದು ಫೋಟೊ ನೋಡಿ ಬರುವ ಹಣದ ಮೇಲೆ ನಿಲ್ಲುವ ಕೆಲಸಗಳಲ್ಲ. ಅದಕ್ಕೆ ತೆರಿಗೆ ಬೇಕು, ಕಾನೂನು ಬೇಕು, ಕೇಳಿ ಪಡೆಯುವ ಹಕ್ಕು ಬೇಕು. ದಾನ ಪಡೆಯುವವನಿಗೆ ಹಕ್ಕಿಲ್ಲ. ಇವತ್ತು ಸಿಕ್ಕಿದ್ದು ನಾಳೆ ಸಿಗದಿದ್ದರೆ ಯಾರನ್ನೂ ಕೇಳುವಂತಿಲ್ಲ. ಸ್ವಯಂಸೇವಕರ ಒಳ್ಳೆಯತನವನ್ನು ತೋರಿಸಿ ಸರ್ಕಾರ ಜವಾಬ್ದಾರಿ ಕಳಚಿಕೊಂಡರೆ ಅದು ಆ ಸ್ವಯಂಸೇವಕರಿಗೂ ಮಾಡುವ ಅನ್ಯಾಯ. ಸರ್ಕಾರದಿಂದ ಆಗದ ಕೆಲಸವೂ ಒಂದಿದೆ. ಅದನ್ನು ಜಪಾನಿನ ಕೋಬೆಯಲ್ಲಿ ಕಾಣಬಹುದು.

1995ರ ಜನವರಿ 17ರಂದು ಕೋಬೆಯಲ್ಲಿ ಭೂಕಂಪವಾಗಿ 6,400ಕ್ಕೂ ಹೆಚ್ಚು ಜನ ಸತ್ತರು. ಮುಂದಿನ ಒಂದು ವರ್ಷದಲ್ಲಿ 10 ಲಕ್ಷಕ್ಕೂ ಹೆಚ್ಚು ಸ್ವಯಂಸೇವಕರು ಅಲ್ಲಿಗೆ ಬಂದು ಹೋದರು. ಜಪಾನ್ ಆ ವರ್ಷವನ್ನು ಸ್ವಯಂಸೇವೆಯ ಮೊದಲ ವರ್ಷ ಅಂತಲೇ ಕರೆಯಿತು. 1998ರಲ್ಲಿ ಸೇವಾ ಸಂಸ್ಥೆಗಳಿಗಾಗಿ ಹೊಸ ಕಾನೂನೂ ಬಂತು. ಮನೆ ಕಳೆದುಕೊಂಡವರಿಗೆ ಸರ್ಕಾರ ತಾತ್ಕಾಲಿಕ ಮನೆ ಕಟ್ಟಿಕೊಟ್ಟಿತು. ವಯಸ್ಸಾದವರಿಗೆ, ಕಾಯಿಲೆಯವರಿಗೆ ಮೊದಲ ಆದ್ಯತೆ, ಉಳಿದದ್ದು ಚೀಟಿ ಎತ್ತಿ. ನ್ಯಾಯವಾದ ಕ್ರಮವೇ. ಆದರೆ ಹಾಗೆ ಮಾಡಿದ್ದರಿಂದ ನಲವತ್ತು ವರ್ಷ ಒಂದೇ ಓಣಿಯಲ್ಲಿದ್ದ ಮುದುಕರು ನಾಲ್ಕು ದಿಕ್ಕಿಗೆ ಚದುರಿದರು. ಸೂರು ಸಿಕ್ಕಿತು, ಹೆಸರು ಹಿಡಿದು ಕರೆಯುವವರು ಸಿಗಲಿಲ್ಲ. ಆ ತಾತ್ಕಾಲಿಕ ಮನೆಗಳಲ್ಲಿ 200ಕ್ಕೂ ಹೆಚ್ಚು ಜನ ಒಬ್ಬಂಟಿಯಾಗಿ, ಯಾರಿಗೂ ಗೊತ್ತಾಗದೆ ಸತ್ತರು.

ಅಲ್ಲಿ ಉಳಿದ ಸ್ವಯಂಸೇವಕರು ಅವಶೇಷ ಸರಿಸುವ ಕೆಲಸ ಮುಗಿಸಿ ಬೇರೆ ಕೆಲಸ ಶುರುಮಾಡಿದರು. ಸಾಲು ಸಾಲು ಬಾಗಿಲು ತಟ್ಟುವುದು. ಹೇಗಿದ್ದೀರಿ ಅಂತ ಕೇಳುವುದು, ಕೂತು ಟೀ ಕುಡಿಯುವುದು, ನಿನ್ನೆ ಬಾಗಿಲು ತೆರೆಯದವರ ಮನೆ ಮುಂದೆ ಇವತ್ತು ಮತ್ತೆ ನಿಲ್ಲುವುದು. 2000ದ ಜನವರಿಯಲ್ಲಿ ತಾತ್ಕಾಲಿಕ ಮನೆಗಳಿಂದ ಕೊನೆಯ ಕುಟುಂಬ ಹೊರಟಿತು, ಎಲ್ಲರೂ ಪಕ್ಕಾ ಮನೆ ಸೇರಿದರು. ಪತ್ರಿಕೆಗಳ ಲೆಕ್ಕದಲ್ಲಿ ಭೂಕಂಪದ ಕತೆ ಅಲ್ಲಿಗೆ ಮುಗಿದಿತ್ತು. ಹೊಸ ಕಟ್ಟಡಗಳ ಗಟ್ಟಿ ಕಬ್ಬಿಣದ ಬಾಗಿಲುಗಳ ಹಿಂದೆಯೂ ಒಬ್ಬಂಟಿ ಸಾವುಗಳು ನಿಲ್ಲಲಿಲ್ಲ. ಬಾಗಿಲು ತಟ್ಟುವವರು ಆ ಕಟ್ಟಡಗಳ ಮೆಟ್ಟಿಲನ್ನೂ ಹತ್ತಿದರು.